ಹಬಲ್ ದೂರದರ್ಶಕದ ನಿರ್ವಹಣೆ ಮುಂದುವರಿಯಬೇಕು: ಕಕ್ಷೆ ಎತ್ತರಿಸುವ ತೀರ್ಮಾನಕ್ಕೆ ಇದೇ ಸಕಾಲ

ಬಾನಾಡಿ (ಚರ್ಚೆ ಆರಂಭಿಸಿದವರು)

ಹಬಲ್ ಬಾಹ್ಯಾಕಾಶ ದೂರದರ್ಶಕದ ವಾರ್ಷಿಕ ಅನುದಾನಕ್ಕೆ ಕತ್ತರಿ ಹಾಕಬಾರದು, ಮತ್ತು ನಿಧಾನವಾಗಿ ಕುಸಿಯುತ್ತಿರುವ ಅದರ ಕಕ್ಷೆಯನ್ನು ಮೇಲಕ್ಕೇರಿಸುವ ತೀರ್ಮಾನವನ್ನು ನಾಸಾ ತಡಮಾಡದೆ ಕೈಗೊಳ್ಳಬೇಕು ಎಂಬುದು ನನ್ನ ನಿಲುವು. ಈ ವಿಷಯ ಕನ್ನಡದಲ್ಲಿ ವಿವರವಾಗಿ ಚರ್ಚೆಯಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪದವರು ತಮ್ಮ ಆಕ್ಷೇಪಗಳನ್ನು ಕಾರಣಸಹಿತ ಮಂಡಿಸಬೇಕೆಂದು ವಿನಂತಿ.

1990ರ ಏಪ್ರಿಲ್ 24ರಂದು ನಾಸಾದ ಸ್ಪೇಸ್ ಶಟಲ್‌ಗಳಲ್ಲೊಂದಾದ ಡಿಸ್ಕವರಿ ನೌಕೆಯಲ್ಲಿ ಮೇಲೇರಿದ ಈ ದೂರದರ್ಶಕ ಮೂವತ್ತೈದು ವರ್ಷಗಳನ್ನು ದಾಟಿದೆ. ಇಷ್ಟು ಕಾಲ ಅದು ಬಾಳಿದ್ದು ಅದೃಷ್ಟದಿಂದಲ್ಲ. ಗಗನಯಾತ್ರಿಗಳು ಬಂದು, ಬಾಗಿಲು ತೆರೆದು, ಹಳೆಯ ಭಾಗ ತೆಗೆದು ಹೊಸದನ್ನು ಕೂಡಿಸಿ ಹೋಗಲು ಅನುವಾಗುವಂತೆಯೇ ಅದನ್ನು ರೂಪಿಸಲಾಗಿತ್ತು. ಅದರ ಮೈಮೇಲೆ ಕೈಯಾಸರೆಯ ಸರಳುಗಳಿವೆ. ಒಳಗಿನ ಬಹುಪಾಲು ಉಪಕರಣಗಳು ಪೆಟ್ಟಿಗೆಯಂತೆ ಹೊರಗೆಳೆದು ಬದಲಿಸಬಹುದಾದವು. 1993, 1997, 1999, 2002 ಮತ್ತು 2009ರಲ್ಲಿ ಐದು ತಂಡಗಳು ಹೋಗಿ ಈ ಕೆಲಸ ಮಾಡಿಬಂದವು. ಆದುದರಿಂದ 2.4 ಮೀಟರ್ ವ್ಯಾಸದ ಕನ್ನಡಿ ಹಳೆಯದಾದರೂ ಇಂದು ಅದರ ಬೆಳಕನ್ನು ಪಡೆಯುತ್ತಿರುವ ಕ್ಯಾಮೆರಾಗಳಲ್ಲಿ ಮತ್ತು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ರೋಹಿತದರ್ಶಕಗಳಲ್ಲಿ 1990ರಷ್ಟು ಹಳೆಯದು ಒಂದೂ ಇಲ್ಲ. ಹಬಲ್ ವಿಷಯದಲ್ಲಿ ನಿರ್ವಹಣೆಯೆಂಬುದು ಆಯುಸ್ಸು ಮುಗಿದ ಯಂತ್ರಕ್ಕೆ ತೋರುವ ಕರುಣೆಯಲ್ಲ, ಅದು ಮೂಲ ವಿನ್ಯಾಸದ ಭಾಗ.

2009ರ ಮೇ ತಿಂಗಳ ಅಟ್ಲಾಂಟಿಸ್ ಯಾನದ ನಂತರ ಆ ದೂರದರ್ಶಕವನ್ನು ಯಾರೂ ಮುಟ್ಟಿಲ್ಲ. 2011ರಲ್ಲಿ ಆ ಸ್ಪೇಸ್ ಶಟಲ್ ನೌಕೆಗಳೇ ನಿವೃತ್ತವಾದವು. ಅಲ್ಲಿಂದೀಚೆಗೆ ಎರಡು ಸವಕಳಿಗಳು ಜೊತೆಜೊತೆಯಾಗಿ ನಡೆದಿವೆ. ಒಂದು, ದಿಕ್ಕು ಹಿಡಿದು ನಿಲ್ಲಲು ಬೇಕಾದ ಗೈರೊಸ್ಕೋಪ್‌ಗಳದ್ದು: 2024ರ ಜೂನ್‌ನಿಂದ ಹಬಲ್ ಒಂದೇ ಗೈರೊಸ್ಕೋಪ್ ಬಳಸುವ ವಿಧಾನದಲ್ಲಿ ಕೆಲಸ ಮಾಡುತ್ತಿದೆ. ಇನ್ನೊಂದು ಕಕ್ಷೆಯದ್ದು: ಅಷ್ಟು ಎತ್ತರದಲ್ಲೂ ತೆಳುವಾಗಿ ಉಳಿದಿರುವ ವಾತಾವರಣ ಅದನ್ನು ಸತತವಾಗಿ ಕೆಳಕ್ಕೆಳೆಯುತ್ತಿದೆ, ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಈ ಎಳೆತವೂ ಹೆಚ್ಚುತ್ತದೆ. ಹಬಲ್‌ಗೆ ಸ್ವಂತ ಎಂಜಿನ್ ಇಲ್ಲ, ತನ್ನನ್ನು ತಾನು ಎತ್ತಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಿಂದೆ ಆ ಕೆಲಸವನ್ನೂ ನೌಕೆಗಳೇ ಮಾಡುತ್ತಿದ್ದವು.

ಲೆಕ್ಕಿಗ, ಹುಬ್ಬಳ್ಳಿ

ಬಾನಾಡಿಯವರೇ, ಹಬಲ್ ಬಗ್ಗೆ ನನಗೂ ನಿಮ್ಮಷ್ಟೇ ಗೌರವವಿದೆ. ಆದರೆ ಸಾರ್ವಜನಿಕ ಹಣದ ಪ್ರಶ್ನೆ ಬಂದಾಗ ಗೌರವವನ್ನು ಬದಿಗಿಟ್ಟು ಲೆಕ್ಕ ಕೇಳಬೇಕಾಗುತ್ತದೆ. ಹಬಲ್ ನಡೆಸಲು ವರ್ಷಕ್ಕೆ ಸುಮಾರು 9.8 ಕೋಟಿ ಡಾಲರ್ ವೆಚ್ಚವಾಗುತ್ತಿದೆ. 2021ರ ಡಿಸೆಂಬರ್‌ನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ 6.5 ಮೀಟರ್ ಕನ್ನಡಿಯೊಂದಿಗೆ ಕೆಲಸ ಮಾಡುತ್ತಿದೆ. ಹಬಲ್‌ನಷ್ಟೇ ದೊಡ್ಡ ಕನ್ನಡಿಯಿರುವ, ಒಂದು ನೋಟದಲ್ಲಿ ಅದಕ್ಕಿಂತ ನೂರು ಪಟ್ಟಾದರೂ ಹೆಚ್ಚು ಆಕಾಶವನ್ನು ಹಿಡಿಯಬಲ್ಲ ನ್ಯಾನ್ಸಿ ಗ್ರೇಸ್ ರೋಮನ್ ದೂರದರ್ಶಕವನ್ನೂ ನಾಸಾ ನಿರ್ಮಿಸಿದೆ. ಹೊಸ ಯೋಜನೆಗಳಿಗೇ ಹಣ ಸಾಲದಿರುವಾಗ ಹಳೆಯದಕ್ಕೆ ಪ್ರತಿ ವರ್ಷ ಇಷ್ಟು ಮೊತ್ತ ಸುರಿಯುವುದರಿಂದ ಮುಂದಿನ ಪೀಳಿಗೆಯ ಉಪಕರಣಗಳು ತಡವಾಗುವುದಿಲ್ಲವೇ? ಒಂದೇ ಗೈರೊಸ್ಕೋಪ್ ಬಳಸುವುದರಿಂದ ವೀಕ್ಷಣೆಯ ದಕ್ಷತೆ ಶೇ 10ಕ್ಕಿಂತ ಹೆಚ್ಚು ಇಳಿದಿದೆ ಎಂದು ನಾಸಾವೇ ಹೇಳಿದೆ. ಇಳುವರಿ ಕಡಿಮೆಯಾಗುತ್ತಿರುವಲ್ಲಿ ಖರ್ಚು ಹಾಗೆಯೇ ಉಳಿಯಬೇಕೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ?

ಹೊಸಕೋಟೆಯ ವಿದ್ಯಾರ್ಥಿನಿ

ಲೆಕ್ಕಿಗ ಸರ್, ತಮ್ಮ ಪ್ರಶ್ನೆ ನ್ಯಾಯವಾದದ್ದು. ನಾನು ಅತಿನೇರಳೆ (ನೇರಳೆಯಾಚೆಯ, ಕಣ್ಣಿಗೆ ಕಾಣದ ಬೆಳಕಿನ) ಖಗೋಳವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವುದರಿಂದ ಇದರ ಒಂದು ಮುಖವನ್ನು ಸ್ವಲ್ಪ ದೀರ್ಘವಾಗಿಯೇ ಹೇಳಲು ಅವಕಾಶ ಕೊಡಿ.

ವೆಬ್ ಆಗಲಿ, ರೋಮನ್ ಆಗಲಿ ಹಬಲ್‌ನ ಸ್ಥಾನವನ್ನು ತುಂಬಲು ತಯಾರಾದವುಗಳಲ್ಲ. ಬೆಳಕಿನ ತರಂಗದ ಉದ್ದವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ವೆಬ್ ನೋಡುವುದು 0.6 ಮೈಕ್ರಾನ್‌ನಿಂದ ಆಚೆಗೆ, ಅಂದರೆ ಕಿತ್ತಳೆ-ಕೆಂಪು ಬೆಳಕಿನಿಂದ, ಕೆಂಪಿನಾಚೆ ಕಣ್ಣಿಗೆ ಕಾಣದ ಅವಗೆಂಪಿನವರೆಗೆ. ರೋಮನ್ ಕೂಡ ಮುಖ್ಯವಾಗಿ ಅವಗೆಂಪಿನ ದೂರದರ್ಶಕವೇ. ಹಬಲ್ ಮಾತ್ರ 0.115 ಮೈಕ್ರಾನ್‌ನಷ್ಟು ಕಿರಿದಾದ ಅತಿನೇರಳೆ ತರಂಗಗಳಿಂದ ಹಿಡಿದು ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ದಾಟಿ ಅವಗೆಂಪಿನ ಅಂಚಿನವರೆಗೆ ನೋಡಬಲ್ಲದು. ಭೂಮಿಯ ಮೇಲೆ ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದರೂ ಈ ಅತಿನೇರಳೆ ಬೆಳಕು ನಮಗೆ ದಕ್ಕುವುದಿಲ್ಲ, ಏಕೆಂದರೆ ಓಝೋನ್ ಪದರವೂ ವಾತಾವರಣದ ಇತರ ಅನಿಲಗಳೂ ಅದನ್ನು ಮೇಲೆಯೇ ಹೀರಿಬಿಡುತ್ತವೆ. ನಮ್ಮ ಚರ್ಮಕ್ಕೆ ಅದು ರಕ್ಷಣೆ, ನಮ್ಮ ವಿಜ್ಞಾನಕ್ಕೆ ಅದು ತಡೆಗೋಡೆ.

ಆ ಬೆಳಕಿನಲ್ಲಿ ಏನಿದೆ ಎಂದು ಕೇಳಬಹುದು. ಹೊಸದಾಗಿ ಹುಟ್ಟಿದ ಬಿಸಿ ತಾರೆಗಳು ತಮ್ಮ ಶಕ್ತಿಯ ದೊಡ್ಡ ಪಾಲನ್ನು ಅಲ್ಲೇ ಸೂಸುತ್ತವೆ. ನಕ್ಷತ್ರಪುಂಜಗಳ (ಗೆಲಾಕ್ಸಿಗಳ) ನಡುವೆ ಹರಡಿರುವ ತೆಳು ಅನಿಲ, ಹಿನ್ನೆಲೆಯಲ್ಲಿರುವ, ಬಹು ದೂರದ ಪ್ರಖರ ಕಾಯವಾದ ಕ್ವೇಸಾರ್‌ನ ಬೆಳಕಿನಲ್ಲಿ ತನ್ನ ಗುರುತನ್ನು ಮೂಡಿಸುವುದೂ ನಮ್ಮ ಸುತ್ತಲಿನ ವಿಶ್ವದ ಮಟ್ಟಿಗೆ ಅತಿನೇರಳೆಯಲ್ಲೇ. ಬೇರೊಂದು ಸೂರ್ಯನ ಬಳಿ ಸುತ್ತುವ ಗ್ರಹದ ವಾತಾವರಣದಿಂದ ಹೈಡ್ರೋಜನ್ ಸೋರಿಹೋಗುತ್ತಿದೆ ಎಂಬುದನ್ನು 2003ರಲ್ಲಿ ಮೊದಲು ತಿಳಿಸಿದ್ದು ಹಬಲ್‌ನ ಅತಿನೇರಳೆ ರೋಹಿತ. ಗ್ರಹಗಳು ತಮ್ಮ ಗಾಳಿಯನ್ನು ಹೇಗೆ ಕಳೆದುಕೊಳ್ಳುತ್ತವೆ, ಯಾವುವು ಅದನ್ನು ಉಳಿಸಿಕೊಳ್ಳುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಈ ಕಿಟಕಿ ಅನಿವಾರ್ಯ.

ಭಾರತಕ್ಕೂ ಈ ಕಿಟಕಿಯ ಪರಿಚಯವಿದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಳೆ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ನೇತೃತ್ವದಲ್ಲಿ, ಇಲ್ಲೇ ಹೊಸಕೋಟೆಯ ಅದರ ಪ್ರಯೋಗಾಲಯದಲ್ಲಿ ಜೋಡಿಸಲಾಯಿತು. ಸುಮಾರು 38 ಸೆಂಟಿಮೀಟರ್ ಕನ್ನಡಿಗಳ ಈ ಜೋಡಿ ದೂರದರ್ಶಕ ಒಂದೇ ನೋಟದಲ್ಲಿ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ಹಿಡಿಯುತ್ತದೆ; ಹಬಲ್‌ಗೆ ಅಷ್ಟು ಅಗಲವಿಲ್ಲ, ಆದರೆ ಅದರ ಚಿತ್ರದ ಹರಿತವೂ ಮಸುಕಾದುದನ್ನು ಕಾಣುವ ಶಕ್ತಿಯೂ ಬಹಳ ಹೆಚ್ಚು. 2020ರಲ್ಲಿ ಪುಣೆಯ ಅಂತರ್‌ವಿಶ್ವವಿದ್ಯಾಲಯ ಖಗೋಳ ಕೇಂದ್ರದ ನೇತೃತ್ವದ ತಂಡವು ಸುಮಾರು 930 ಕೋಟಿ ಜ್ಯೋತಿರ್ವರ್ಷ ದೂರದ ನಕ್ಷತ್ರಪುಂಜವೊಂದರಿಂದ ಬಂದ ತೀವ್ರ ಅತಿನೇರಳೆ ಬೆಳಕನ್ನು ಆಸ್ಟ್ರೋಸ್ಯಾಟ್ ಮೂಲಕ ಪತ್ತೆಹಚ್ಚಿತು. ಆ ನಕ್ಷತ್ರಪುಂಜ ಇದ್ದದ್ದು ಹಬಲ್ ಹಿಂದೆಯೇ ಬಹಳ ಆಳವಾಗಿ ಚಿತ್ರಿಸಿದ್ದ ಆಕಾಶದ ತುಣುಕಿನಲ್ಲಿ. ಎರಡೂ ಪರಸ್ಪರ ಪೂರಕವಾಗಿ ದುಡಿದಾಗ ದೊರೆತ ಫಲ ಅದು. ಆದರೆ ಆಸ್ಟ್ರೋಸ್ಯಾಟ್‌ನ ಉದ್ದೇಶಿತ ಆಯುಸ್ಸು ಐದೇ ವರ್ಷವಾಗಿತ್ತು, ಅದರ ಸಮೀಪ-ಅತಿನೇರಳೆ ಭಾಗ 2018ರಲ್ಲೇ ನಿಂತುಹೋಗಿದೆ.

ಮುಂದೇನು ಎಂದು ನೋಡಿದರೆ, ನಮ್ಮದೇ ಸಂಸ್ಥೆಗಳು ಮುಂದಿಟ್ಟಿರುವ ಒಂದು ಮೀಟರ್ ದೂರದರ್ಶಕದ ಯೋಜನೆ ಇನ್ನೂ ಪ್ರಸ್ತಾಪದ ಹಂತದ್ದು. ಚೀನಾದ ಶುಂಟ್ಯಾನ್ ದೂರದರ್ಶಕ 0.255 ಮೈಕ್ರಾನ್‌ಗಿಂತ ಕಿರಿದಾದ ತರಂಗಗಳನ್ನು ನೋಡಲು ರೂಪಿತವಾದದ್ದಲ್ಲ. ನಾಸಾ 2030ಕ್ಕೆ ಯೋಜಿಸಿರುವ ಅತಿನೇರಳೆ ಸಮೀಕ್ಷಾ ಉಪಗ್ರಹದ ಕನ್ನಡಿ ಹಬಲ್‌ಗಿಂತ ಬಹಳ ಚಿಕ್ಕದು. ಹಬಲ್‌ಗೆ ನಿಜವಾದ ಉತ್ತರಾಧಿಕಾರಿಯೆಂದು ಹೇಳಲಾಗುವ, ಜೀವಯೋಗ್ಯ ಗ್ರಹಗಳನ್ನು ಹುಡುಕುವ ದೊಡ್ಡ ವೀಕ್ಷಣಾಲಯ 2040ರ ದಶಕಕ್ಕೆ ಮುನ್ನ ಹಾರುವ ಸಂಭವ ಕಡಿಮೆ. ಹಾಗಿರುವಾಗ ಇಂದು ಹಬಲ್ ನಿಂತರೆ ದೊಡ್ಡ ಕನ್ನಡಿಯ ಅತಿನೇರಳೆ ಖಗೋಳವಿಜ್ಞಾನವೇ ಒಂದು ಪೀಳಿಗೆಯ ಕಾಲ ನಿಲ್ಲುತ್ತದೆ. ಅದನ್ನು ಬಲ್ಲವರೂ ಅಷ್ಟರಲ್ಲಿ ಬೇರೆ ಕೆಲಸಗಳಿಗೆ ಹೊರಳಿರುತ್ತಾರೆ. ಹಣ ಮತ್ತೆ ಬರಬಹುದು, ಚದುರಿದ ಪರಿಣತಿಯನ್ನು ಮತ್ತೆ ಕೂಡಿಸುವುದು ಕಷ್ಟ.

ನಿವೃತ್ತ ಎಂಜಿನಿಯರ್, ಶಿವಮೊಗ್ಗ

ಗೈರೊಸ್ಕೋಪ್‌ಗಳ ವಿಷಯದಲ್ಲಿ ಒಂದಿಷ್ಟು ವಿವರ ಸೇರಿಸುತ್ತೇನೆ. ಇಲ್ಲಿ ಏನು ಕೆಟ್ಟಿದೆ, ಏನು ಕೆಟ್ಟಿಲ್ಲ ಎಂಬುದು ಸ್ಪಷ್ಟವಾಗದೆ ಹಬಲ್ ಕೊನೆಯುಸಿರೆಳೆಯುತ್ತಿದೆ ಎಂಬ ಭಾವನೆ ಹರಡುತ್ತಿದೆ.

ಪ್ರತಿ ಗೈರೊಸ್ಕೋಪ್‌ನೊಳಗೆ ನಿಮಿಷಕ್ಕೆ 19,200 ಸುತ್ತು ತಿರುಗುವ ಒಂದು ಚಕ್ರವಿದೆ. ಆ ಚಕ್ರವಿರುವ ಮುಚ್ಚಿದ ಕೊಳವೆ ದಪ್ಪನೆಯ ದ್ರವದಲ್ಲಿ ತೇಲುತ್ತಿರುತ್ತದೆ. ಚಕ್ರಕ್ಕೆ ವಿದ್ಯುತ್ ಒಯ್ಯುವ ತಂತಿಗಳು ತಲೆಕೂದಲಿನಷ್ಟು ಸಣ್ಣವು, ಅವು ಆ ದ್ರವದ ಮೂಲಕವೇ ಹಾದುಹೋಗಬೇಕು. ಮೊದಲಿನ ದಿನಗಳಲ್ಲಿ ದ್ರವವನ್ನು ಒಳತುಂಬಲು ಒತ್ತಡದ ಗಾಳಿಯನ್ನು ಬಳಸಿದ್ದರಿಂದ ಅದರಲ್ಲಿನ ಆಮ್ಲಜನಕ ತಂತಿಗಳನ್ನು ಸವೆಸಿತು; ಮುಂದೆ ಗಾಳಿಯ ಬದಲು ನೈಟ್ರೋಜನ್ ಬಳಸಲಾಯಿತು. 2009ರಲ್ಲಿ ಆರೂ ಗೈರೊಸ್ಕೋಪ್‌ಗಳನ್ನು ಬದಲಿಸಿದಾಗ ಮೂರರಲ್ಲಿ ಹಳೆಯ ಮಾದರಿಯ ತಂತಿ, ಉಳಿದ ಮೂರರಲ್ಲಿ ಸುಧಾರಿತ ತಂತಿ ಇತ್ತು. ಹಳೆಯ ಮಾದರಿಯ ಮೂರೂ 2018ರೊಳಗೆ ನಿಂತವು. ಸುಧಾರಿತ ಮೂರರಲ್ಲಿ ಒಂದು ತಪ್ಪು ಅಂಕಿಗಳನ್ನು ಕೊಡಲಾರಂಭಿಸಿ ದೂರದರ್ಶಕವನ್ನು ಪದೇ ಪದೇ, ವೀಕ್ಷಣೆ ನಿಲ್ಲಿಸಿ ಕಾಯುವ ಸುರಕ್ಷಾ ಸ್ಥಿತಿಗೆ ತಳ್ಳುತ್ತಿದ್ದುದರಿಂದ, 2024ರಲ್ಲಿ ಒಂದನ್ನು ಬಳಸಿ ಇನ್ನೊಂದನ್ನು ಕಾಯ್ದಿರಿಸುವ ವಿಧಾನಕ್ಕೆ ಬದಲಾದರು. ಉಳಿದ ದಿಕ್ಕುಗಳ ಮಾಹಿತಿಗೆ ಕಾಂತಮಾಪಕ, ಸೂರ್ಯ ಸಂವೇದಕ ಮತ್ತು ನಕ್ಷತ್ರ ಗುರುತಿಸುವ ಸಾಧನಗಳನ್ನು ನೆಚ್ಚಿಕೊಳ್ಳುತ್ತಾರೆ. ಗುರಿಯಿಂದ ಗುರಿಗೆ ತಿರುಗಿ ನೆಲೆನಿಲ್ಲಲು ಹೆಚ್ಚು ಸಮಯ ಹಿಡಿಯುತ್ತದೆ, ಮಂಗಳನಿಗಿಂತ ಸಮೀಪದಲ್ಲಿ ವೇಗವಾಗಿ ಚಲಿಸುವ ಕಾಯಗಳನ್ನು ಹಿಂಬಾಲಿಸಲಾಗುವುದಿಲ್ಲ. ಆದರೆ ಒಮ್ಮೆ ಗುರಿಯ ಮೇಲೆ ನಿಂತ ಮೇಲೆ ಚಿತ್ರದ ಗುಣಮಟ್ಟ ಕುಂದಿಲ್ಲ. ಲೆಕ್ಕಿಗರು ಹೇಳಿದ ದಕ್ಷತೆಯ ಇಳಿಕೆ ವೀಕ್ಷಣೆಗೆ ದೊರೆಯುವ ಸಮಯದ್ದೇ ಹೊರತು ವೀಕ್ಷಣೆಯ ಗುಣದ್ದಲ್ಲ. ಈ ವಿಧಾನದಲ್ಲಿ 2035ರವರೆಗೆ ಕೆಲಸ ನಡೆಯುವ ಸಂಭವನೀಯತೆ ಶೇ 70ಕ್ಕಿಂತ ಹೆಚ್ಚೆಂದು ನಾಸಾ ಆಗ ಅಂದಾಜಿಸಿತ್ತು.

ನಿರ್ವಹಣೆ ಎಂದೊಡನೆ ಜನ ಬಾಹ್ಯಾಕಾಶ ನಡಿಗೆಯನ್ನಷ್ಟೇ ನೆನೆಯುತ್ತಾರೆ. 2021ರ ಜೂನ್‌ನಲ್ಲಿ ಉಪಕರಣಗಳನ್ನು ನಿಯಂತ್ರಿಸುವ ಕಂಪ್ಯೂಟರ್ ನಿಂತುಹೋದಾಗ, ಒಂದು ತಿಂಗಳಿಗೂ ಹೆಚ್ಚು ಕಾಲ ಹಳೆಯ ನಕ್ಷೆಗಳನ್ನೂ ದಾಖಲೆಗಳನ್ನೂ ಜಾಲಾಡಿ, ಬದಲಿ ವ್ಯವಸ್ಥೆಗೆ ಹೊರಳಿಸಿ ಅದನ್ನು ಎಬ್ಬಿಸಿದ್ದು ನೆಲದ ಮೇಲಿನ ತಂಡ. ಹಿಂದೆ ಹಬಲ್ ಕೆಲಸ ಮಾಡಿ ನಿವೃತ್ತರಾದವರೂ ನೆರವಿಗೆ ಬಂದಿದ್ದರು. ವಾರ್ಷಿಕ ಅನುದಾನ ಕಡಿತಗೊಂಡರೆ ಮೊದಲು ಕರಗುವುದು ಇಂತಹ ಜನರ ತಂಡವೇ. ಹಳೆಯ ಯಂತ್ರಗಳೊಂದಿಗೆ ದುಡಿದ ಯಾರಿಗಾದರೂ ಇದು ಗೊತ್ತು: ಯಂತ್ರದ ವಯಸ್ಸು ಹೆಚ್ಚಿದಂತೆ ಅದನ್ನು ಬಲ್ಲವರ ಬೆಲೆ ಹೆಚ್ಚುತ್ತದೆ.

ಬಾಲ್ಟಿಮೋರ್ ಕನ್ನಡಿಗ

ನಾನು ವಾಸಿಸುವ ಊರಿನಲ್ಲೇ ಹಬಲ್‌ನ ವೈಜ್ಞಾನಿಕ ಕೇಂದ್ರವಿದೆ, ಅದರ ನಿಯಂತ್ರಣ ಕೇಂದ್ರ ಇದೇ ಮೇರಿಲ್ಯಾಂಡ್ ರಾಜ್ಯದ ಗ್ರೀನ್‌ಬೆಲ್ಟ್‌ನಲ್ಲಿದೆ. ಸಾರ್ವಜನಿಕರ ದನಿಗೆ ಇದರಲ್ಲಿ ಏನು ಬೆಲೆ ಎಂದು ಕೇಳುವವರಿಗಾಗಿ 2004ರ ಸಂದರ್ಭವನ್ನು ನೆನಪಿಸುತ್ತೇನೆ.

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಅಸುನೀಗಿದರು. ಮರುವರ್ಷದ ಜನವರಿಯಲ್ಲಿ ನಾಸಾ ಮುಖ್ಯಸ್ಥರಾಗಿದ್ದ ಶಾನ್ ಓಕೀಫ್ ಅವರು ಹಬಲ್‌ನ ಕೊನೆಯ ದುರಸ್ತಿ ಯಾನವನ್ನು ರದ್ದುಪಡಿಸಿದರು. ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ನೌಕೆಗೆ ಹಾನಿಯಾದರೆ ಸಿಬ್ಬಂದಿ ನಿಲ್ದಾಣದಲ್ಲಿ ಆಶ್ರಯ ಪಡೆಯಬಹುದು, ಹಬಲ್‌ನ ಕಕ್ಷೆಯಿಂದ ನಿಲ್ದಾಣವನ್ನು ತಲುಪಲಾಗದು ಎಂಬುದು ಅವರ ಕಾರಣ. ಆ ಕಾರಣವನ್ನು ಹಗುರವಾಗಿ ಕಾಣಬಾರದು. ಆದರೂ ವಿಜ್ಞಾನಿಗಳು, ಶಿಕ್ಷಕರು, ಶಾಲಾ ಮಕ್ಕಳು ಪತ್ರಗಳನ್ನು ಬರೆದರು. ಮೇರಿಲ್ಯಾಂಡ್‌ನ ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ ಸೆನೆಟ್‌ನಲ್ಲಿ ಬೆನ್ನುಬಿಡದೆ ವಾದಿಸಿದರು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿಯು 2004ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳೇ ಹೋಗಿ ದುರಸ್ತಿ ಮಾಡುವುದು ಸೂಕ್ತವೆಂದು ಶಿಫಾರಸು ಮಾಡಿತು. 2006ರ ಅಕ್ಟೋಬರ್ 31ರಂದು ಹೊಸ ಮುಖ್ಯಸ್ಥ ಮೈಕೆಲ್ ಗ್ರಿಫಿನ್ ಯಾನಕ್ಕೆ ಮತ್ತೆ ಒಪ್ಪಿಗೆ ನೀಡಿದರು. ಸುರಕ್ಷತೆಯ ಪ್ರಶ್ನೆಯನ್ನು ಅವರು ತಳ್ಳಿಹಾಕಲಿಲ್ಲ. ಅಟ್ಲಾಂಟಿಸ್ ಹೋಗುವಾಗ ಅಗತ್ಯಬಿದ್ದರೆ ರಕ್ಷಣೆಗೆ ಧಾವಿಸಲು ಎಂಡೆವರ್ ನೌಕೆಯನ್ನು ಇನ್ನೊಂದು ಉಡಾವಣಾ ವೇದಿಕೆಯಲ್ಲಿ ಸಜ್ಜಾಗಿ ನಿಲ್ಲಿಸಿದ್ದರು.

2009ರ ಆ ಯಾನದಲ್ಲಿ ಎರಡು ಹೊಸ ಉಪಕರಣಗಳನ್ನು ಕೂಡಿಸಿದರು. ಅಷ್ಟೇ ಅಲ್ಲ, ಬಾಹ್ಯಾಕಾಶದಲ್ಲಿ ಬಿಚ್ಚುವ ಉದ್ದೇಶವೇ ಇಲ್ಲದೆ ನೂರಕ್ಕೂ ಹೆಚ್ಚು ಸಣ್ಣ ತಿರುಪುಗಳಿಂದ ಬಿಗಿದಿದ್ದ ರೋಹಿತದರ್ಶಕವೊಂದನ್ನೂ ತೆರೆದು ಸರಿಪಡಿಸಿದರು. ಅದಕ್ಕೆ ಅಡ್ಡವಾಗಿದ್ದ ಹಿಡಿಕೆಯ ಒಂದು ಬೋಲ್ಟ್ ಬಿಚ್ಚಿಕೊಳ್ಳಲೇ ಇಲ್ಲ. ಕೊನೆಗೆ ಗಗನಯಾತ್ರಿ ಮೈಕ್ ಮಸಿಮಿನೊ ಆ ಹಿಡಿಕೆಯನ್ನು ಕೈಯಿಂದಲೇ ಎಳೆದು ಕಿತ್ತರು. ಹೊಸಕೋಟೆಯ ಸಹೋದರಿ ಹೇಳಿದ 2003ರ ಹೈಡ್ರೋಜನ್ ಸೋರಿಕೆಯನ್ನು ಕಂಡದ್ದು ಇದೇ ರೋಹಿತದರ್ಶಕ. 2004ರಲ್ಲಿ ಕೆಟ್ಟು ನಿಂತಿದ್ದ ಅದು 2009ರ ಆ ದುರಸ್ತಿಯಿಂದ ಮತ್ತೆ ದುಡಿಯುತ್ತಿದೆ. ಜನ 2004ರಲ್ಲಿ ಸುಮ್ಮನಿದ್ದಿದ್ದರೆ ನಂತರದ ಈ ವರ್ಷಗಳ ವಿಜ್ಞಾನ ನಮಗೆ ಸಿಗುತ್ತಿರಲಿಲ್ಲ.

ಲೆಕ್ಕಿಗ, ಹುಬ್ಬಳ್ಳಿ

ಅತಿನೇರಳೆಯ ವಿಷಯದಲ್ಲಿ ವಿದ್ಯಾರ್ಥಿನಿಯವರ ವಾದ ನನಗೆ ಒಪ್ಪಿಗೆಯಾಗಿದೆ, ವಾರ್ಷಿಕ ಅನುದಾನದ ಬಗ್ಗೆ ಇನ್ನು ತಕರಾರಿಲ್ಲ. ಆದರೆ ಕಕ್ಷೆ ಎತ್ತರಿಸುವುದು ಬೇರೆಯೇ ವಿಷಯ. ಖಾಸಗಿ ಗಗನಯಾನ ಕೈಗೊಂಡಿದ್ದ ಉದ್ಯಮಿ ಜೇರೆಡ್ ಐಸಾಕ್‌ಮನ್ ಮತ್ತು ಸ್ಪೇಸ್‌ಎಕ್ಸ್ ಕಂಪನಿ ಡ್ರ್ಯಾಗನ್ ನೌಕೆಯಿಂದ ಹಬಲ್‌ನ್ನು ಮೇಲೆತ್ತುವ ಸಾಧ್ಯತೆಯ ಬಗ್ಗೆ 2022ರಲ್ಲಿ ನಾಸಾ ಜೊತೆಗೂಡಿ ಅಧ್ಯಯನ ಕೈಗೊಂಡರು. ಅದನ್ನೆಲ್ಲ ಪರಿಶೀಲಿಸಿದ ಮೇಲೆಯೇ 2024ರ ಜೂನ್‌ನಲ್ಲಿ ನಾಸಾ ಸದ್ಯಕ್ಕೆ ಬೇಡವೆಂದಿತು. ಸರಿಯಾಗಿ ನಡೆಯುತ್ತಿರುವ ದೂರದರ್ಶಕಕ್ಕೆ ನೌಕೆಯೊಂದು ಡಿಕ್ಕಿ ಹೊಡೆದರೆ, ಇಲ್ಲವೇ ಅದರ ಎಂಜಿನ್ನಿನ ಹೊಗೆ ಕನ್ನಡಿಗೆ ಅಂಟಿದರೆ, ಉಳಿಸಲು ಹೋಗಿ ಕಳೆದುಕೊಂಡಂತಾಗುತ್ತದೆ. ಈ ಅಪಾಯವನ್ನು ನೀವು ಹೇಗೆ ಅಳೆಯುತ್ತೀರಿ?

ಬಾನಾಡಿ (ಚರ್ಚೆ ಆರಂಭಿಸಿದವರು)

ನನ್ನ ವಾದದ ತಿರುಳು ಇರುವುದೇ ಇಲ್ಲಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಹಬಲ್‌ಗೆ ಏನನ್ನೂ ಮಾಡದೆ ಬಿಡುವ ಆಯ್ಕೆ ನಮ್ಮ ಮುಂದೆ ನಿಜವಾಗಿ ಇಲ್ಲ. ಅದು ಸುಮಾರು ಹನ್ನೆರಡು ಟನ್ ತೂಕದ, ಹದಿಮೂರು ಮೀಟರ್ ಉದ್ದದ ಕಾಯ. ತನ್ನಷ್ಟಕ್ಕೆ ಬಿದ್ದರೆ ವಾತಾವರಣದಲ್ಲಿ ಪೂರ್ತಿ ಉರಿದುಹೋಗುವುದಿಲ್ಲ, ದೊಡ್ಡ ತುಣುಕುಗಳು ನೆಲ ಮುಟ್ಟುತ್ತವೆ, ಎಲ್ಲಿ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ. ಕಾಂಪ್ಟನ್ ಗಾಮಾ ಕಿರಣ ವೀಕ್ಷಣಾಲಯದ ಒಂದು ಗೈರೊಸ್ಕೋಪ್ ಕೆಟ್ಟಾಗ, ಉಪಕರಣಗಳು ಚೆನ್ನಾಗಿದ್ದರೂ, ನಿಯಂತ್ರಣ ತಪ್ಪುವ ಭಯದಿಂದಲೇ ಅದನ್ನು 2000ದ ಜೂನ್‌ನಲ್ಲಿ ಪೆಸಿಫಿಕ್ ಸಾಗರಕ್ಕೆ ಇಳಿಸಿದರು. ಕಾಂಪ್ಟನ್‌ಗೆ ಸ್ವಂತ ಎಂಜಿನ್ ಇತ್ತು. ಹಬಲ್‌ಗೆ ಇಲ್ಲದಿರುವುದರಿಂದ ಅದನ್ನು ಸುರಕ್ಷಿತವಾಗಿ ಸಾಗರಕ್ಕೆ ಇಳಿಸಬೇಕೆಂದರೂ ಇಲ್ಲಿಂದ ಒಂದು ನೌಕೆ ಹೋಗಿ ಅದಕ್ಕೆ ಕೂಡಿಕೊಳ್ಳಲೇಬೇಕು. 2009ರಲ್ಲಿ ಗಗನಯಾತ್ರಿಗಳು ಅದರ ಹಿಂಬದಿಗೆ ಒಂದು ಜೋಡಣಾ ಬಳೆಯನ್ನು ಕೂಡಿಸಿ ಬಂದದ್ದು ಈ ಉದ್ದೇಶಕ್ಕಾಗಿಯೇ.

ಹೀಗಾಗಿ ಡಿಕ್ಕಿಯ ಅಪಾಯ ಎರಡೂ ದಾರಿಗಳಲ್ಲಿದೆ. ಹೇಗಿದ್ದರೂ ಒಂದು ನೌಕೆ ಹೋಗಬೇಕಾದಲ್ಲಿ, ಅದು ಹಬಲ್ ನೆಟ್ಟಗೆ ನಿಂತು ನೆಲದ ಆಜ್ಞೆಗಳನ್ನು ಪಾಲಿಸುತ್ತಿರುವಾಗಲೇ ಹೋಗಿ ಮೇಲೆತ್ತಲಿ ಎಂಬುದು ನನ್ನ ಕೋರಿಕೆ. ಉಳಿದ ಗೈರೊಸ್ಕೋಪ್‌ಗಳೂ ಕೈಕೊಟ್ಟು ಅಡ್ಡಾದಿಡ್ಡಿ ಉರುಳತೊಡಗಿದ ಹನ್ನೆರಡು ಟನ್‌ನ ಕಾಯಕ್ಕೆ ಕೂಡಿಕೊಳ್ಳುವುದು ಇದಕ್ಕಿಂತ ಎಷ್ಟೋ ಕಠಿಣ. ಕಾಯುವುದರಿಂದ ಅಪಾಯ ತಗ್ಗುವುದಿಲ್ಲ.

ಇನ್ನೊಂದು ಭೇದವನ್ನೂ ಗಮನಿಸಬೇಕು. ಐಸಾಕ್‌ಮನ್ ಅವರ ಪ್ರಸ್ತಾಪದಲ್ಲಿ ಮನುಷ್ಯರ ಪ್ರಯಾಣವಿತ್ತು. ನಾನು ಹೇಳುತ್ತಿರುವುದು ಮಾನವರಹಿತ ನೌಕೆಯಿಂದ ಕಕ್ಷೆಯನ್ನು ಎತ್ತರಿಸುವುದನ್ನಷ್ಟೇ. ಈ ಕೌಶಲ ಈಗ ಕಲ್ಪನೆಯದಲ್ಲ. 2020ರ ಫೆಬ್ರವರಿಯಲ್ಲಿ ನಾರ್ತ್‌ರಾಪ್ ಗ್ರಮ್ಮನ್ ಕಂಪನಿಯ ಸೇವಾ ನೌಕೆಯೊಂದು, ಇಂಧನ ಮುಗಿಯುತ್ತಾ ಬಂದಿದ್ದ ಇಂಟೆಲ್‌ಸ್ಯಾಟ್ 901 ಉಪಗ್ರಹಕ್ಕೆ ಕೂಡಿಕೊಂಡು ಅದನ್ನು ಮತ್ತೆ ಸೇವೆಗೆ ತಂದಿತು. ಯಾರೂ ಬಂದು ಹಿಡಿಯುತ್ತಾರೆಂದು ಎಣಿಸಿ ಕಟ್ಟಿದ ಉಪಗ್ರಹ ಅದಾಗಿರಲಿಲ್ಲ. ಬೆಂಗಳೂರಿನಿಂದ ನಿಯಂತ್ರಿಸಿದ ಸ್ಪೇಡೆಕ್ಸ್ ಪ್ರಯೋಗದಲ್ಲಿ ಇಸ್ರೋ 2025ರ ಜನವರಿ 16ರಂದು ಎರಡು ಸಣ್ಣ ಉಪಗ್ರಹಗಳನ್ನು ಕಕ್ಷೆಯಲ್ಲಿ ಜೋಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಎಲ್ಲಕ್ಕಿಂತ ಮುಖ್ಯವಾಗಿ, 2004ರಲ್ಲಿ ಹಾರಿದ ಸ್ವಿಫ್ಟ್ ಬಾಹ್ಯಾಕಾಶ ವೀಕ್ಷಣಾಲಯದ ಕಕ್ಷೆ ಕುಸಿಯುತ್ತಿದ್ದುದರಿಂದ ಅದನ್ನು ಮೇಲೆತ್ತಲು ನಾಸಾ 2025ರ ಸೆಪ್ಟೆಂಬರ್‌ನಲ್ಲಿ ಕ್ಯಾಟಲಿಸ್ಟ್ ಎಂಬ ಕಂಪನಿಗೆ 3 ಕೋಟಿ ಡಾಲರ್‌ಗಳ ಗುತ್ತಿಗೆ ನೀಡಿತು. ಸ್ವಿಫ್ಟ್‌ನಲ್ಲಿ ಹಿಡಿದುಕೊಳ್ಳಲೆಂದೇ ಮಾಡಿದ ಯಾವ ಜೋಡಣೆಯೂ ಇಲ್ಲ, ಹಬಲ್‌ನಲ್ಲಿ ಇದೆ. ಸ್ವಿಫ್ಟ್‌ಗೆ ಸಲ್ಲುವ ನ್ಯಾಯ ಹಬಲ್‌ಗೆ ಏಕೆ ಸಲ್ಲಬಾರದು?

ಹೊಗೆಯ ವಿಷಯದಲ್ಲಿ ತಮ್ಮ ಎಚ್ಚರಿಕೆ ಸರಿಯಾದದ್ದು. ಅತಿನೇರಳೆ ಬೆಳಕನ್ನು ಹೀರಲು ಕನ್ನಡಿಯ ಮೇಲೆ ಅತಿ ತೆಳುವಾದ ಲೇಪ ಕುಳಿತರೂ ಸಾಕು. ಕೂಡಿಕೊಳ್ಳುವ ಬಳೆ ಹಿಂಬದಿಯಲ್ಲಿದೆ, ಬೆಳಕು ಒಳಬರುವ ಬಾಯಿ ಮುಂಬದಿಯಲ್ಲಿದೆ, ಆ ಬಾಯಿಗೆ ಮುಚ್ಚಬಹುದಾದ ಬಾಗಿಲೂ ಇದೆ. ಇಷ್ಟರಿಂದಲೇ ಸಮಸ್ಯೆ ಬಗೆಹರಿಯಿತೆಂದು ನಾನು ಹೇಳುವುದಿಲ್ಲ, ವಿನ್ಯಾಸದ ಹಂತದಲ್ಲಿ ಇದನ್ನು ಅಳೆದು ನೋಡಲೇಬೇಕು. ಆ ಅಳತೆಯ ಕೆಲಸಕ್ಕೂ ವರ್ಷಗಳು ಹಿಡಿಯುತ್ತವೆ ಎಂಬ ಕಾರಣಕ್ಕಾಗಿಯೇ ಅದು ಈಗ ಆರಂಭವಾಗಬೇಕು.

ಭೌತಶಾಸ್ತ್ರ ಅಧ್ಯಾಪಕಿ, ಧಾರವಾಡ

ಕಾಲದ ಉದ್ದವನ್ನು ಯಾರೂ ಪ್ರಸ್ತಾಪಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 1987ರಲ್ಲಿ ಕಾಣಿಸಿಕೊಂಡ, ನಕ್ಷತ್ರದ ಸ್ಫೋಟವಾದ ಸೂಪರ್‌ನೋವಾದ ಸುತ್ತಲಿನ ಉಂಗುರ ಸ್ಫೋಟದ ಅಲೆ ತಾಗಿದಂತೆ ಹೇಗೆ ಬೆಳಗುತ್ತಾ ಬಂದಿತು ಎಂಬುದನ್ನು ಹಬಲ್ 1990ರ ದಶಕದಿಂದ ಹಿಂಬಾಲಿಸುತ್ತಿದೆ. ನಮ್ಮ ಸೌರಮಂಡಲದ ಹೊರವಲಯದ ಗ್ರಹಗಳನ್ನು ಪ್ರತಿ ವರ್ಷ ತಪ್ಪದೆ ಚಿತ್ರಿಸುವ ಕಾರ್ಯಕ್ರಮ 2014ರಿಂದ ನಡೆದಿದೆ, ಗುರುಗ್ರಹದ ದೊಡ್ಡ ಕೆಂಪು ಚುಕ್ಕೆ ಕುಗ್ಗುತ್ತಿರುವ ಬಗೆಯನ್ನು ತರಗತಿಯಲ್ಲಿ ತೋರಿಸಲು ನಾನು ಆ ಚಿತ್ರಗಳನ್ನೇ ಬಳಸುತ್ತೇನೆ. ಒಂದೇ ಕಣ್ಣು ದಶಕಗಳ ಕಾಲ ನೋಡಿದಾಗ ಮಾತ್ರ ಇಂತಹ ಹೋಲಿಕೆ ಸಾಧ್ಯ. ನಡುವೆ ಹತ್ತು ವರ್ಷ ಬಿಟ್ಟುಹೋದರೆ ಆ ಹತ್ತು ವರ್ಷಗಳನ್ನು ಯಾವ ಹೊಸ ದೂರದರ್ಶಕವೂ ಹಿಂದಕ್ಕೆ ಹೋಗಿ ನೋಡಲಾರದು.

ನಮ್ಮ ವಿದ್ಯಾರ್ಥಿಗಳು ಈ ದತ್ತಾಂಶವನ್ನು ನೇರವಾಗಿ ಬಳಸಲು ಸಾಧ್ಯವೇ, ಭಾರತದಿಂದ ವೀಕ್ಷಣಾ ಸಮಯ ಕೋರಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಹೊಸಕೋಟೆಯ ವಿದ್ಯಾರ್ಥಿನಿ

ಎರಡೂ ಸಾಧ್ಯ, ಮೇಡಂ. ಯಾವ ದೇಶದ ಖಗೋಳವಿಜ್ಞಾನಿಯಾದರೂ ಪ್ರಸ್ತಾವ ಸಲ್ಲಿಸಬಹುದು. 2018ರಿಂದ ಪ್ರಸ್ತಾವ ಬರೆದವರ ಹೆಸರು ಪರಿಶೀಲಿಸುವವರಿಗೆ ತಿಳಿಯದಂತೆ ಆಯ್ಕೆ ನಡೆಯುವುದರಿಂದ ದೊಡ್ಡ ಸಂಸ್ಥೆಯ ಹೆಸರಿಗಿಂತ ಪ್ರಶ್ನೆಯ ಗುಣಕ್ಕೆ ಮನ್ನಣೆ ಹೆಚ್ಚು. ಪೈಪೋಟಿ ಮಾತ್ರ ತೀವ್ರವಾಗಿದೆ, ಲಭ್ಯವಿರುವ ಸಮಯದ ಹಲವು ಪಟ್ಟು ಬೇಡಿಕೆ ಪ್ರತಿ ವರ್ಷ ಬರುತ್ತದೆ. ಹಳೆಯ ವೀಕ್ಷಣೆಗಳ ಭಂಡಾರ ಎಲ್ಲರಿಗೂ ಉಚಿತವಾಗಿ ತೆರೆದಿದೆ, ಪದವಿ ವಿದ್ಯಾರ್ಥಿಗಳು ಅದನ್ನು ಇಳಿಸಿಕೊಂಡು ತಾವೇ ವಿಶ್ಲೇಷಿಸಬಹುದು. ತಾವು ಬಯಸಿದರೆ ಸೂಪರ್‌ನೋವಾ ಉಂಗುರದ ಚಿತ್ರಗಳಿಂದ ಆರಂಭಿಸುವ ಒಂದು ಅಭ್ಯಾಸವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಇಲ್ಲಿ ಹಾಕುತ್ತೇನೆ.

ಬಾಲ್ಟಿಮೋರ್ ಕನ್ನಡಿಗ

ಅಮೆರಿಕದಲ್ಲಿ ಮತದಾನದ ಹಕ್ಕುಳ್ಳ ಕನ್ನಡಿಗರಿಗೆ ಒಂದು ಕೋರಿಕೆ. ನಾಸಾಗೆ ಹಣ ನಿಗದಿಪಡಿಸುವುದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಎರಡೂ ಸದನಗಳ ವಿನಿಯೋಗ ಸಮಿತಿಗಳಲ್ಲಿರುವ ವಾಣಿಜ್ಯ, ನ್ಯಾಯ ಮತ್ತು ವಿಜ್ಞಾನ ಉಪಸಮಿತಿ. ತಮ್ಮ ಪ್ರತಿನಿಧಿಗೆ ಪತ್ರ ಬರೆಯುವಾಗ ಹಬಲ್ ಉಳಿಸಿ ಎಂದಷ್ಟೇ ಬರೆದರೆ ಅದು ಕಡತ ಸೇರುತ್ತದೆ. ವಾರ್ಷಿಕ ನಿರ್ವಹಣಾ ಅನುದಾನವನ್ನು ಕಡಿತಗೊಳಿಸಬಾರದು, ಮತ್ತು ಮಾನವರಹಿತ ನೌಕೆಯಿಂದ ಕಕ್ಷೆ ಎತ್ತರಿಸುವುದರ ವೆಚ್ಚ ಹಾಗೂ ಅಪಾಯಗಳನ್ನು ನಿಯಂತ್ರಿತವಾಗಿ ಕೆಳಗಿಳಿಸುವ ವೆಚ್ಚದೊಂದಿಗೆ ಹೋಲಿಸಿ ನಾಸಾ ಸದನಕ್ಕೆ ವರದಿ ಸಲ್ಲಿಸಬೇಕು ಎಂಬ ಎರಡು ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡಬೇಕು. ಪತ್ರದ ಕರಡನ್ನು ಈ ವಾರಾಂತ್ಯ ಇಲ್ಲಿ ಹಾಕುತ್ತೇನೆ. ವೆಚ್ಚದ ಭಾಗವನ್ನು ಲೆಕ್ಕಿಗರೂ ಗೈರೊಸ್ಕೋಪ್‌ಗಳ ಭಾಗವನ್ನು ಶಿವಮೊಗ್ಗದ ಹಿರಿಯರೂ ಒಮ್ಮೆ ಓದಿ ತಿದ್ದಿಕೊಡಬೇಕೆಂದು ಕೋರುತ್ತೇನೆ.